ಮೂರುನೂರು ವ್ಯಾಟಿನ ಸಾಹುಕಾರರು

ಎಂಬತ್ತೆಂಟನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಏಳು ದಿನಗಳ ಮಟ್ಟಿಗೆ ನಮ್ಮ ಊರಿನ ನಲವತ್ತಮೂರು ಮಂದಿ ವಿದ್ಯುದ್ದೀಪಗಳಾಗಿದ್ದರು. ನಾನು ನೂರೈವತ್ತು ವ್ಯಾಟಿನವನು. ನನ್ನ ಬಾಜೂಕೆ ಕುಳಿತ ಮಡಿವಾಳೆಪ್ಪ ನೂರು. ಖಾರ ಕುಟ್ಟುತ್ತಿದ್ದ ಮೈಲಾರವ್ವ ಮೂರುನೂರು. ಇದು ಬಾಯಿಮಾತಲ್ಲ, ಸರಕಾರದ ಕಾಗದದ ಮೇಲೆ ಬರೆದು, ಅಂಚೆಗೆ ಹಾಕಿ, ಹುಬ್ಬಳ್ಳಿಯ ಒಂದು ಕಂಪ್ಯೂಟರಿನ ಹೊಟ್ಟೆಗೆ ಹೋಗಿ ಬಂದ ಲೆಕ್ಕ.

ನಮ್ಮ ಊರು ಶಲವಡಿಯಿಂದ ಒಂದು ಹರದಾರಿ ಆಚೆ. ನನ್ನ ಹಿಟ್ಟಿನ ಗಿರಣಿಯ ಎದುರಿಗೇ ಬೀಜದ ಲ್ಯಾಬು. ಬಿತ್ತುವ ಮೊದಲು ರೈತರು ಜೋಳವನ್ನೋ ಕಡಲೆಯನ್ನೋ ತಂದು ಕೊಟ್ಟರೆ ಅದರಲ್ಲಿ ನೂರು ಕಾಳು ಎಣಿಸಿ, ಒದ್ದೆ ಕಾಗದದಲ್ಲಿ ಮಲಗಿಸಿ, ಎಷ್ಟು ಮೊಳೆತವು ಎಂದು ಬರೆದುಕೊಡುವ ಕಚೇರಿ ಅದು. ಕಾಳು ಎಣಿಸುವವರು ಫಾತಿಮಾಬಿ. ಹದಿನೈದು ವರ್ಷ ಕಾಳು ಎಣಿಸಿ ಎಣಿಸಿ ಅವರು ಮಾತನ್ನೂ ಎಣಿಸಿಯೇ ಆಡುತ್ತಿದ್ದರು. ಲ್ಯಾಬಿನ ದೊಡ್ಡ ಸಾಹೇಬರು ಧಾರವಾಡದಲ್ಲಿರುತ್ತಿದ್ದರು. ಅವರು ಊರಿಗೆ ಬಂದದ್ದನ್ನು ಕಂಡವರಿದ್ದರು, ಆದರೆ ಅಂಥವರಲ್ಲಿ ಇಬ್ಬರು ತೀರಿಕೊಂಡಿದ್ದರು. ಉಳಿದ ಕೆಲಸವೆಲ್ಲ ಗೂಳಪ್ಪನದು. ಬೀಗ ತೆಗೆಯುವುದು, ಕಸ ಹೊಡೆಯುವುದು, ಕೊಡ ಹೊತ್ತು ನೀರು ತರುವುದು, ಬೀಜ ಒಣಗಿಸುವ ಪೆಟ್ಟಿಗೆಯ ಸ್ವಿಚ್ಚು ಹಾಕುವುದು, ಕರೆಂಟು ಹೋದಾಗ ಹೋಯಿತು ಎಂದು ಕೂಗಿ ನನಗೆ ಹೇಳುವುದು.

ಗೂಳಪ್ಪ ಒಂಬತ್ತು ವರ್ಷದಿಂದ ದಿನಗೂಲಿ. ಇಂದು ನಾಳೆ ಕಾಯಂ ಆಗುತ್ತೇನೆ ಎಂದು ಒಂಬತ್ತು ವರ್ಷವೂ ಹೇಳಿದ. ಅವನ ಹೆಂಡತಿ ಮೈಲಾರವ್ವ ಮಂದಿಯ ಮುಂದೆ ಗಂಡನನ್ನು ‘ನಮ್ಮ ಸರಕಾರಿ’ ಎಂದೇ ಕರೆಯುತ್ತಿದ್ದಳು. ಸರಕಾರ ಮಾತ್ರ ಇನ್ನೂ ಹಾಗೆ ಕರೆದಿರಲಿಲ್ಲ.

ಹೀಗಿರುವಾಗ ಇಲಾಖೆಯಿಂದ ಒಂದು ಕಾಗದ ಬಂತು. ಬೀಜ ಇಡುವುದಕ್ಕೆ ಒಂದು ತಂಪಿನ ಕೋಣೆ ಮಾಡುತ್ತಾರೆ. ಅದನ್ನು ನಮ್ಮ ಲ್ಯಾಬಿನಲ್ಲಾದರೂ ಮಾಡಬಹುದು, ಕುಂದಗೋಳದ ಲ್ಯಾಬಿನಲ್ಲಾದರೂ ಮಾಡಬಹುದು. ಯಾವುದು ಯೋಗ್ಯ ಎನ್ನುವುದನ್ನು ಹುಬ್ಬಳ್ಳಿಯ ಕಾಲೇಜಿನ ಕಂಪ್ಯೂಟರು ಹೇಳುತ್ತದೆ. ಯೋಗ್ಯವಾದ ಕಡೆ ಒಂದು ಕಾಯಂ ಜಾಗ ಮಂಜೂರು. ಇನ್ನೊಂದು ಕಡೆಯ ಲ್ಯಾಬು ಜೂನ್ ಒಂದಕ್ಕೆ ಬಂದ್.

ಕಾಗದವನ್ನು ಫಾತಿಮಾಬಿ ಓದಿ ಹೇಳಿದಾಗ ಗೂಳಪ್ಪ ಅದನ್ನು ಎರಡು ಕೈಯಲ್ಲಿ ಈಸಿಕೊಂಡು ನನ್ನ ಗಿರಣಿಗೆ ತಂದ. ಒಂಬತ್ತು ವರ್ಷದ ಮೇಲೆ ಅವನ ನಸೀಬು ಒಂದೇ ಹಾಳೆಯಲ್ಲಿ ಬಂದಿತ್ತು, ಅದರ ನಡುವೆ ಅಥವಾ ಎಂಬ ಶಬ್ದವಿತ್ತು.

ಊರಿನಲ್ಲಿ ಗೂಳಪ್ಪನಷ್ಟೇ ಉತ್ಸಾಹ ಬಂದದ್ದು ಶಂಭುಲಿಂಗಪ್ಪ ಸಾಹುಕಾರರಿಗೆ. ಲ್ಯಾಬು ನಡೆಯುತ್ತಿದ್ದುದು ಅವರ ಮುತ್ತಜ್ಜನ ಕಾಲದ ಹಳೆಯ ವಾಡೆಯಲ್ಲಿ. ಇಲಾಖೆಯವರು ಅದರ ಒಳಗೂ ಹೊರಗೂ ಸಿಮೆಂಟಿನ ಗಿಲಾವು ಮಾಡಿಸಿ ಹಳದಿ ಬಣ್ಣ ಬಳಿದಿದ್ದರು. ಕುಂದಗೋಳದ ಲ್ಯಾಬು ಸಾಹುಕಾರರ ಬೀಗರು ಹೊಸದಾಗಿ ಕಟ್ಟಿಸಿದ ಸಿಮೆಂಟಿನ ಕಟ್ಟಡದಲ್ಲಿತ್ತು. ಆ ಬೀಗರು ಮಗಳ ಮದುವೆಯಲ್ಲಿ ನಮ್ಮ ಸಾಹುಕಾರರನ್ನು ತಮ್ಮ ಸ್ಲ್ಯಾಬಿನ ಮೇಲೆ ಹತ್ತಿಸಿ, ಕುಪ್ಪಳಿಸಿ ನೋಡಿರಿ, ಅಲುಗುವುದಿಲ್ಲ ಎಂದಿದ್ದರಂತೆ. ಸಾಹುಕಾರರು ಕುಪ್ಪಳಿಸಿದ್ದರು. ಅಲುಗಿರಲಿಲ್ಲ. ಆ ನೋವು ಅವರಲ್ಲಿ ಆರು ವರ್ಷದಿಂದ ಇತ್ತು.

ಒಂದು ಮಂಗಳವಾರ ಹತ್ತು ಗಂಟೆಯ ಬಸ್ಸಿಗೆ ಇಂಜಿನಿಯರು ಬಂದರು. ಹೆಸರು ಇಮಾಮುದ್ದೀನ. ಇಪ್ಪತ್ತಾರು ವರ್ಷದ ಹುರುಪಿನ ಮನುಷ್ಯ. ಕಂಕುಳಲ್ಲಿ ಕಾಗದದ ಸುರುಳಿ, ಕೈಯಲ್ಲಿ ಅಳತೆಯ ಟೇಪು. ಅವರು ಲ್ಯಾಬಿನ ಕಡೆ ಹತ್ತು ಹೆಜ್ಜೆ ಇಟ್ಟಿರಬಹುದು, ಅಷ್ಟರಲ್ಲಿ ಸಾಹುಕಾರರು ಅಡ್ಡ ಬಂದು, ಊರಿಗೆ ಬಂದವರು ಉಣ್ಣದೆ ಕೆಲಸ ಹಿಡಿಯುವುದು ನಮ್ಮ ಕಡೆ ಇಲ್ಲ ಎಂದರು. ಇಂಜಿನಿಯರರು ಹದಿನೈದು ನಿಮಿಷದಲ್ಲಿ ಮುಗಿಯುವುದಾದರೆ ಆಗಲಿ ಎಂದರು. ಅವರಿಗೆ ಅನ್ನವ್ವನವರ ಕೈ ಗೊತ್ತಿರಲಿಲ್ಲ. ಸಾಹುಕಾರರ ಧರ್ಮಪತ್ನಿ ಅನ್ನವ್ವನವರು ಎಣಗಾಯಿಯಿಂದ ಸುರು ಮಾಡಿ ಹೋಳಿಗೆಗೆ ಬರುವ ಹೊತ್ತಿಗೆ ಗಡಿಯಾರದಲ್ಲಿ ಒಂದೂವರೆ ಆಗಿತ್ತು. ಬಸ್ಸು ತಿರುಗಿ ಹೊರಡುವುದು ಎರಡಕ್ಕೆ. ಆ ದಿನ ಟೇಪು ಬಿಚ್ಚಲೇ ಇಲ್ಲ. ಲ್ಯಾಬನ್ನು ಅವರು ಕೈ ತೊಳೆಯುವಾಗ ಕಟ್ಟೆಯ ಮೇಲಿನಿಂದ ನೋಡಿ, ಬಣ್ಣ ಛಲೋ ಇದೆ ಎಂದರು.

ಆದರೆ ಊಟದಲ್ಲಿ ಅವರು ಹೇಳಿದ್ದನ್ನು ಕೇಳಲು ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

“ನಿಮ್ಮ ಲ್ಯಾಬನ್ನ ನಾವು ಕಂಪ್ಯೂಟರಿನ ಒಳಗ ಕಟ್ಟತೀವ್ರಿ,” ಎಂದರು. “ಗೋಡಿ, ಕಿಡಕಿ, ಮಾಳಗಿ, ಮಿಷನ್ನು, ಮಂದಿ, ಎಲ್ಲಾ ಬರೇ ನಂಬರು. ಕಟ್ಟಿದ ಮ್ಯಾಲೆ ಅದಕ್ಕ ಒಂದು ವರ್ಷದ ಬಿಸಲು ಹೊಡಸ್ತೀವಿ. ಮೂರು ತಾಸಿನಾಗ ವರ್ಷ ಮುಗೀತೈತಿ. ಒಳಗ ಎಷ್ಟು ಸೆಕಿ ಆತು, ತಂಪು ಮಾಡಾಕ ಎಷ್ಟು ಕರೆಂಟು ಬೇಕು, ಎಲ್ಲಾ ಛಾಪಾ ಆಗಿ ಹೊರಗ ಬರ್ತೈತಿ.”

ಮೂರು ತಾಸಿನಲ್ಲಿ ಒಂದು ವರ್ಷ ಎಂದಾಗ ಹಿಂದೆ ನಿಂತವರೆಲ್ಲ ಮುಂದೆ ನುಗ್ಗಿದರು. ಮಡಿವಾಳೆಪ್ಪ, ಆ ವರ್ಷ ಮುಂದಿನದಾದರೆ ಮುಂಗಾರಿ ಮಳೆ ಯಾವಾಗ ಎಂದು ನೋಡಿ ಒಂದು ಕಾರ್ಡು ಹಾಕಲು ಸಾಧ್ಯವೇ ಎಂದು ಕೇಳಿದ. ಇಂಜಿನಿಯರರು ಅದು ಹಿಂದಿನ ವರ್ಷಗಳ ಬಿಸಿಲು ಎಂದರು. ಮಡಿವಾಳೆಪ್ಪನಿಗೆ ಕಂಪ್ಯೂಟರಿನ ಮೇಲಿನ ಭಕ್ತಿ ಅರ್ಧಕ್ಕೆ ಇಳಿಯಿತು.

ಮಂದಿಯನ್ನು ಯಾಕೆ ಬರೆಯಬೇಕು ಎಂದು ಸಾಹುಕಾರರು ಕೇಳಿದರು. ಅಲ್ಲಿಂದ ಎಲ್ಲವೂ ಸುರುವಾಯಿತು.

“ಮನಷ್ಯಾನ ಮೈಯಾಗ ಕಾವು ಇರ್ತೈತಲ್ರಿ. ಒಬ್ಬ ಮನಷ್ಯಾ ಸುಮ್ನ ಕುಂತ್ರ ನೂರು ವ್ಯಾಟಿನ ಬಲ್ಬು ಹಚ್ಚಿಟ್ಟಂಗ.”

“ನಾನೂ ನೂರೇನು?”

“ಕುಂತ್ರ ನೂರ್ರೀ. ನಿಂತು ಅಡ್ಯಾಡಿದ್ರ ನೂರಾ ಐವತ್ತು. ಮೈಮುರದು ದುಡದ್ರ ಮೂರುನೂರು.”

“ಹಂಗಾದ್ರ ನಮ್ಮ ಗೂಳಪ್ಪ?”

“ನೀರಿನ ಕೊಡಾ ಹೊತ್ತಾಗ ಅವರು ಮೂರುನೂರ್ರೀ.”

ಸಾಹುಕಾರರು ಹೋಳಿಗೆಯನ್ನು ತಟ್ಟೆಗೆ ವಾಪಸು ಇಟ್ಟರು. ಬಾಗಿಲ ಬಳಿ ನಿಂತಿದ್ದ ಗೂಳಪ್ಪ ಸಂಕೋಚದಿಂದ ಕಂಬದ ಮರೆಗೆ ಸರಿದ. ಅಷ್ಟರಲ್ಲಿ ಬಸ್ಸಿನವನು ಹಾರ್ನು ಬಾರಿಸಿದ. ಇಂಜಿನಿಯರರು ಹನ್ನೆರಡು ಹಾಳೆಗಳ ಒಂದು ಫಾರಮನ್ನು ಗೂಳಪ್ಪನ ಕೈಗೆ ತುರುಕಿ, ಕಟ್ಟಡದ ವಿವರ ಮೊದಲ ಹಾಳೆಯಲ್ಲಿ, ಏಳು ದಿನ ತಾಸಿಗೊಮ್ಮೆ ಒಳಗೆ ಎಷ್ಟು ಮಂದಿ, ಏನು ಮಾಡುತ್ತಿದ್ದರು ಎಂಬುದು ಉಳಿದ ಹಾಳೆಗಳಲ್ಲಿ, ಎಲ್ಲವನ್ನೂ ಖರೇ ಖರೇ ಬರೆದು ಅಂಚೆಗೆ ಹಾಕಿರಿ ಎಂದು ಹೇಳಿ ಓಡಿದರು.

ಆ ಸಂಜೆ ನನ್ನ ಗಿರಣಿಯ ಕಟ್ಟೆಯ ಮೇಲೆ ಫಾರಮು ತುಂಬುವ ಸಭೆ ಕೂಡಿತು. ಗೂಳಪ್ಪ ನಾಲ್ಕನೆಯ ಇಯತ್ತೆ ಪಾಸಾದವನು, ಅಕ್ಷರ ದುಂಡಗೆ ಬರೆಯುತ್ತಿದ್ದ. ಮೊದಲನೆಯ ಪ್ರಶ್ನೆ, ಗೋಡೆ ಯಾತರದ್ದು. ಗೂಳಪ್ಪ ‘ಮಣ್ಣು’ ಎಂದು ಬರೆಯುವಷ್ಟರಲ್ಲಿ ಸಾಹುಕಾರರು ಅವನ ಕೈ ಹಿಡಿದರು.

“ಲೇ ಗೂಳಪ್ಪಾ, ಅಳಸು. ಕುಂದಗೋಳದ ಬೀಗರದು ಸಿಮೆಂಟು, ನಂದು ಮಣ್ಣು ಅಂತ ಹುಬ್ಬಳ್ಳ್ಯಾಗ ಛಾಪಾ ಆಗಬೇಕೇನು? ಇಟ್ಟಂಗಿ, ಸಿಮೆಂಟು, ಒಂಬತ್ತು ಇಂಚು ಬರಿ. ಮ್ಯಾಲೆ ಸ್ಲ್ಯಾಬು ಬರಿ.”

ಗೂಳಪ್ಪ, ಖರೇ ಬರೆಯಬೇಕು ಎಂದಿದ್ದಾರಲ್ಲ ಎಂದ. ಹೊರಗಿನ ಗಿಲಾವು ಸಿಮೆಂಟಿನದೇ ಅಲ್ಲವೇ, ಕಂಪ್ಯೂಟರು ಗೋಡೆ ಕೆರೆದು ನೋಡುತ್ತದೆಯೇ ಎಂದು ಸಾಹುಕಾರರು ಕೇಳಿದರು. ಗೂಳಪ್ಪ ನನ್ನ ಕಡೆ ಬಾಗಿದ. ಗೋಡೆ ಅವರದು, ಅದರ ಮಾನ ಅವರದು, ಅದರ ಪಾಪವೂ ಅವರದು ಎಂದು ನನ್ನ ಕಿವಿಯಲ್ಲಿ ಹೇಳಿ ಬರೆದ. ಆದರೆ ಮಂದಿಯ ಹಾಳೆಗಳು ತನ್ನ ನೌಕರಿಗೆ ಸೇರಿದವು, ಅಲ್ಲಿ ಒಂದು ಅಕ್ಷರವನ್ನೂ ಸುಳ್ಳು ಬರೆಯುವುದಿಲ್ಲ ಎಂದು ಆಮೇಲೆ ಗಟ್ಟಿಯಾಗಿ ಹೇಳಿದ.

ಖರೇ ನೋಡಿದರೆ ಲ್ಯಾಬಿನಲ್ಲಿ ಇರುತ್ತಿದ್ದುದು ಇಬ್ಬರು. ಬೀಜ ತರುವ ರೈತನೊಬ್ಬನನ್ನು ಹಿಡಿದರೆ ಎರಡೂವರೆ. ಇಷ್ಟು ಕಡಿಮೆ ತೋರಿಸಿದರೆ ಸೋತಂತೆಯೇ ಎಂದರು ಸಾಹುಕಾರರು. ಇದಕ್ಕೆ ಊರಿನಲ್ಲಿ ಯಾರದೂ ಎದುರುಮಾತಿಲ್ಲ. ಎಂಬತ್ತನೆಯ ಇಸವಿಯಲ್ಲಿ ಹುಡುಗರು ಕಡಿಮೆ ಎಂದು ಎರಡನೆಯ ಮಾಸ್ತರರನ್ನು ತೆಗೆಯಲು ಸಾಹೇಬರು ಶಾಲೆಗೆ ಬಂದಾಗ, ಬಾಜೂ ಹಳ್ಳಿಯಿಂದ ಎರಡು ಚಕ್ಕಡಿ ತುಂಬ ಹುಡುಗರನ್ನು ತಂದು ಕೂಡಿಸಿದ್ದರಿಂದ ಮಾಸ್ತರರು ಉಳಿದರು. ಊರಿಗೆ ಬೇರೆ ಟ್ರಾನ್ಸ್‌ಫಾರ್ಮರ್ ಬೇಕೆಂದು ನಾನೇ ಅರ್ಜಿ ಹಾಕಿದಾಗ, ನಿಮ್ಮದು ಲೋಡು ಸಾಲದು ಎಂದು ಹೇಳಿ ಪಂಪುಸೆಟ್ಟು ಹೆಚ್ಚಿದ್ದ ಊರಿಗೆ ಕೊಟ್ಟಿದ್ದರು. ಎಣಿಸಲು ಬಂದವರಿಗೆ ಹೆಚ್ಚು ತೋರಿಸಬೇಕು ಎನ್ನುವುದು ನಮ್ಮಲ್ಲಿ ಹಸುಗೂಸಿಗೂ ತಿಳಿದ ವಿದ್ಯೆ. ಕರೆಂಟಿನ ವಿಷಯ ತಿಳಿದವನೆಂದು ಎಲ್ಲರೂ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಸಾಹುಕಾರರು ನಲವತ್ತು ಮಂದಿ ಎಂದು ಬರಿ ಅಂದರು. ಗೂಳಪ್ಪ ಬರೆಯಲಿಲ್ಲ. ಅವನು ಪೆನ್ನು ಮುಚ್ಚಿ ಹೇಳಿದ್ದು ಇಷ್ಟು:

“ಸುಳ್ಳ ಬರ್ಯೂದು ಬ್ಯಾಡ್ರಿ ಧಣ್ಯಾರ. ಮಂದೀನ ಕರಕೊಂಡು ಬರೂಣು.”

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ನಲವತ್ತಮೂರು ಮಂದಿ ಲ್ಯಾಬಿನ ಹಾಲಿನಲ್ಲಿದ್ದರು. ಕೆಲವರು ಒಗೆದ ಧೋತರ ಉಟ್ಟು ಬಂದಿದ್ದರು. ಗೂಳಪ್ಪ ಹೊಸ್ತಿಲಲ್ಲಿ ಸ್ಟೂಲು ಹಾಕಿಕೊಂಡು, ಮೊಳಕಾಲ ಮೇಲೆ ಹಲಗೆ ಇಟ್ಟುಕೊಂಡು, ತಾಸು ಹೊಡೆದ ಕೂಡಲೇ ಒಬ್ಬೊಬ್ಬರನ್ನೂ ನೋಡಿ ಬರೆಯುತ್ತಿದ್ದ. ಫಾತಿಮಾಬಿ ಮೂಲೆಯ ಮೇಜಿನಲ್ಲಿ ತಮ್ಮ ಕಾಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತರು. ಅವರು ದಿನಕ್ಕೆರಡು ಸಲ ಎದ್ದು ಗೋಡೆಯ ಒಳಬದಿಯ, ಹೊರಬದಿಯ ಉಷ್ಣಮಾಪಕಗಳನ್ನು ನೋಡಿ ತಮ್ಮ ವಹಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಅದು ಅವರ ರೂಢಿ. ಊರೇ ಒಳಗೆ ಬಂದಿದೆ ಎಂದು ರೂಢಿ ಬಿಡುವ ಹೆಂಗಸಲ್ಲ ಅವರು.

ಮೊದಲ ದಿನವೇ ಜಗಳ. ಹೆಂಗಸರು ಕೌದಿ ಹೊಲಿಯುತ್ತ ಕುಳಿತಿದ್ದರು. ಅವರನ್ನು ಕುಂತವರೆಂದು ನೂರಕ್ಕೆ ಬರೆಯುತ್ತೀಯೋ ದುಡಿಯುವವರೆಂದು ಮೂರುನೂರಕ್ಕೆ ಬರೆಯುತ್ತೀಯೋ ಎಂದು ಅವರು ಸೂಜಿ ಹಿಡಿದು ಕೇಳಿದರು. ಗೂಳಪ್ಪ ತೀರ್ಪು ಕೊಟ್ಟ.

“ಕೈ ಆಡತಾವ, ಕುಂಡಿ ಕುಂತೈತಿ. ನೂರಾ ಇಪ್ಪತ್ತು.”

ಹೆಂಗಸರಿಗೆ ಇದು ಸಾಲಲಿಲ್ಲ. ಅದು ಖಾರ ಕುಟ್ಟುವ ಹಂಗಾಮು. ಮಧ್ಯಾಹ್ನದ ಹೊತ್ತಿಗೆ ಮೈಲಾರವ್ವ ಒಳಕಲ್ಲನ್ನೇ ಉರುಳಿಸಿಕೊಂಡು ಬಂದು ಬ್ಯಾಡಗಿ ಮೆಣಸಿನಕಾಯಿ ಹಾಕಿ ಒನಕೆ ಎತ್ತಿದಳು. ಗಂಡ ಒಂದು ಕ್ಷಣವೂ ತಡೆಯದೆ ಮೂರುನೂರು ಎಂದು ಬರೆದ. ಹತ್ತು ನಿಮಿಷದಲ್ಲಿ ನಲವತ್ತೆರಡು ಮಂದಿ ಸೀನತೊಡಗಿದರು. ಸೀನಿಗೆ ವ್ಯಾಟು ಇದೆಯೇ ಎಂದು ಮಡಿವಾಳೆಪ್ಪ ಕಣ್ಣೊರೆಸುತ್ತ ವಿಚಾರಿಸಿದ. ಗೂಳಪ್ಪ ಫಾರಮು ತಿರುವಿ ನೋಡಿ, ಸೀನು ಬರೆಯಲು ಇದರಲ್ಲಿ ಮನೆ ಇಲ್ಲ ಎಂದ.

ಸಾಹುಕಾರರು ಮೊದಲ ದಿನ ಕೈಯಿದ್ದ ಕುರ್ಚಿಯಲ್ಲಿ ಕುಳಿತಿದ್ದರು. ಸಂಜೆಗೆ ಹಾಳೆ ನೋಡಿದರು. ತಮ್ಮ ಹೆಸರಿನ ಮುಂದೆ ಪ್ರತಿ ತಾಸಿಗೂ ನೂರು, ಮೈಲಾರವ್ವನ ಮುಂದೆ ಮೂರುನೂರು. ಎದ್ದು ಮನೆಗೆ ಹೋದರು. ಎರಡನೆಯ ದಿನ ಬೆಳಗಿನಿಂದ ಸಂಜೆತನಕ ನಿಂತರು. ನೂರೈವತ್ತು ಬಂತು. ಅದೇ ಸಾಲಿನಲ್ಲಿ ನನ್ನ ಹೆಸರೂ ಇತ್ತು. ಗಿರಣಿಯವನ ಸರಿಸಮ ಆದೆನಲ್ಲ ಎಂದು ಅವರ ಮುಖ ಇಳಿಯಿತು.

ಮೂರನೆಯ ದಿನ ಇಬ್ಬರು ಆಳುಗಳು ಬೀಸುಕಲ್ಲು ಹೊತ್ತು ತಂದಿಟ್ಟರು. ಸಾಹುಕಾರರು ಕೋಟು ಕಳಚಿದರು, ಅಂಗಿ ಕಳಚಿದರು, ಬನಿಯನ್ನಿನಲ್ಲಿ ನೆಲದ ಮೇಲೆ ಕಾಲು ಚಾಚಿ ಕುಳಿತು ಗೂಟ ಹಿಡಿದರು. ಈ ಸುದ್ದಿ ಊರಿನ ಆ ತುದಿಗೆ ಮುಟ್ಟಲು ಎಷ್ಟು ಹೊತ್ತು ಹಿಡಿಯಿತೆಂದು ನನಗೆ ತಿಳಿಯದು, ಆದರೆ ಕಲ್ಲು ಎಂಟು ಸುತ್ತು ತಿರುಗುವಷ್ಟರಲ್ಲಿ ಕಿಟಕಿಗಳಲ್ಲಿ ಬೆಳಕು ಬರುವುದು ನಿಂತಿತ್ತು. ಅಷ್ಟೂ ಮುಖಗಳು. ಅನ್ನವ್ವನವರು ಬಾಗಿಲಲ್ಲಿ ಬಂದು ನಿಂತರು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಗಂಡ ಒಂದು ತಂಬಿಗೆ ಎತ್ತಿಟ್ಟದ್ದನ್ನು ಅವರು ಕಂಡಿರಲಿಲ್ಲ. ತಿರುಗುವ ಕಲ್ಲನ್ನು ನೋಡಿ ಹೇಳಿದರು:

“ಮನ್ಯಾಗೂ ಒಂದು ಬೀಸುಕಲ್ಲು ಐತ್ರಿ.”

ಸಾಹುಕಾರರು ಕೇಳಿಸಿಕೊಳ್ಳಲಿಲ್ಲ. ಗೂಳಪ್ಪ ಮೂರುನೂರು ಎಂದು ಬರೆದು ಅದರ ಕೆಳಗೆ ಗೆರೆ ಎಳೆದ. ಆದರೆ ಮೂರು ಗಂಟೆಯ ಲೆಕ್ಕಕ್ಕೆ ಬಂದು ನೋಡಿದರೆ ಸಾಹುಕಾರರು ಹಿಟ್ಟಿನ ಮೇಲೆ ಕೆನ್ನೆಯಿಟ್ಟು ನಿದ್ರೆ ಹೋಗಿದ್ದರು. ಹೊರಗೆ ನಾಯಿಗಳು ನೆರಳಿಗೆ ಅಲೆಯುವ ಬಿಸಿಲು, ಒಳಗೆ ಸಾಹುಕಾರರ ಗೊರಕೆ. ಗೂಳಪ್ಪನಿಗೆ ಧರ್ಮಸಂಕಟ. ನಿದ್ರೆಗೂ ಫಾರಮಿನಲ್ಲಿ ಮನೆ ಇರಲಿಲ್ಲ. ಕುಂತವನಿಗಿಂತ ಮಲಗಿದವನು ಕಡಿಮೆಯೇ ಇರಬೇಕು ಎಂದು ಲೆಕ್ಕ ಹಾಕಿ, ಕಣ್ಣಲ್ಲಿ ನೀರು ತಂದುಕೊಂಡು, ಎಂಬತ್ತು ಎಂದು ಬರೆದ. ಎಚ್ಚರಾದ ಮೇಲೆ ಸಾಹುಕಾರರು ಅದನ್ನು ನೋಡಿದರು. ಆ ಎಂಬತ್ತು ಅವರನ್ನು ಮುಂದಿನ ನಾಲ್ಕು ದಿನ ಮಲಗಗೊಡಲಿಲ್ಲ. ಏಳು ದಿನ ಮುಗಿಯುವ ಹೊತ್ತಿಗೆ ಅವರು ಎರಡು ಚೀಲ ಜೋಳ ಬೀಸಿದ್ದರು, ಊರಿನವರೆಲ್ಲ ತಮ್ಮ ತಮ್ಮ ಹಿಟ್ಟನ್ನು ಅವರ ಕಲ್ಲಿನಿಂದಲೇ ತುಂಬಿಕೊಂಡು ಹೋದರು. ನನ್ನ ಗಿರಣಿಯ ಕಲ್ಲು ಆ ವಾರ ಒಂದು ಸುತ್ತೂ ತಿರುಗಲಿಲ್ಲ.

ಫಾರಮು ಅಂಚೆಗೆ ಹೋಯಿತು. ಲಕೋಟೆಯ ಹಿಂದೆ ಇಡೀ ಊರು ಬಸ್‌ಸ್ಟ್ಯಾಂಡಿನ ತನಕ ಹೋಯಿತು. ಉತ್ತರ ಬರುವ ತನಕದ ಇಪ್ಪತ್ತು ದಿನ ಗೂಳಪ್ಪ ನೆಲದ ಮೇಲೆ ನಡೆಯಲಿಲ್ಲ. ಮೈಲಾರವ್ವ ಖಾಕಿ ಬಟ್ಟೆಗೆ ದರ್ಜಿಯ ಹತ್ತಿರ ಅಳತೆಯನ್ನೂ ಕೊಡಿಸಿ ಬಂದಳು.

ಇಂಜಿನಿಯರರು ಮತ್ತೆ ಬಂದಾಗ ಊಟಕ್ಕೆ ಕರೆದರೆ ಒಲ್ಲೆ ಎಂದರು. ನೆಟ್ಟಗೆ ಲ್ಯಾಬಿಗೆ ನಡೆದು, ಅಂಚಿಗೆ ತೂತುಗಳಿದ್ದ ಒಂದು ಉದ್ದನೆಯ ಮಡಿಕೆ ಕಾಗದವನ್ನು ನೆಲದ ಮೇಲೆ ಬಿಡಿಸಿದರು. ಅದು ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಬಂದು ಇನ್ನೂ ಉಳಿಯಿತು. ನಲವತ್ತಮೂರು ಮಂದಿಯೂ ಎರಡು ಬದಿಗೆ ಕುಳಿತು, ತಾವು ಯಾವ ಅಂಕಿಯಲ್ಲಿದ್ದೇವೆ ಎಂದು ಹುಡುಕತೊಡಗಿದರು.

ಇಂಜಿನಿಯರರು ನೆಲ ನೋಡುತ್ತ ಹೇಳಿದರು. ಕಂಪ್ಯೂಟರಿನ ಪ್ರಕಾರ ಈ ಹಾಲಿನಲ್ಲಿ ಮಧ್ಯಾಹ್ನ ನಲವತ್ತೇಳು ಡಿಗ್ರಿ ಸೆಕೆ. ಇದನ್ನು ತಂಪು ಮಾಡಲು ಒಂದು ಟಾಕೀಸಿಗೆ ಬೇಕಾಗುವಷ್ಟು ಕರೆಂಟು ಬೇಕು. ಕುಂದಗೋಳಕ್ಕೆ ಇದರ ಎಂಟರಲ್ಲಿ ಒಂದು ಪಾಲು ಸಾಕು.

ಸಾಹುಕಾರರು ಎದ್ದು ನಿಂತು ತಲೆಯ ಪಟಗ ಸರಿಮಾಡಿಕೊಂಡರು. “ಎಂಟು ಪಟ್ಟು. ಅಂದ್ರ ಗೆದ್ವಿ.”

“ಸೋತ್ರಿ ಸಾವಕಾರ್ರ,” ಎಂದರು ಇಂಜಿನಿಯರರು. “ಕಡಿಮಿ ಕರೆಂಟು ತಿನ್ನೂ ಕಡೆ ತಂಪಿನ ಖೋಲಿ. ಈ ಲ್ಯಾಬು ಬಂದ್ ಆಗ್ತೈತಿ.”

ಸಾಹುಕಾರರು ನಿಂತಲ್ಲೇ ಕುಳಿತರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಾಗದದ ತೂತುಗಳನ್ನು ಎಣಿಸುತ್ತಿದ್ದೆ. ಮೈಲಾರವ್ವ ಸೆರಗು ಬಾಯಿಗೆ ಹಿಡಿದಳು. ಗೂಳಪ್ಪ ಮಾತ್ರ ಅಳಲಿಲ್ಲ. ಏನೋ ಹೊಂದುತ್ತಿಲ್ಲ ಎನ್ನುವವನ ಹಾಗೆ ಆ ಕಾಗದವನ್ನೇ ನೋಡುತ್ತ ಕುಳಿತಿದ್ದ.

“ಸಾಹೇಬ್ರ, ನಲವತ್ತೇಳು ಅಂದ್ರ ಎಷ್ಟು ಸೆಕಿರಿ? ಯಾಕಂದ್ರ ಇಲ್ಲಿ ನಮ್ಮ ಧಣ್ಯಾರಿಗೆ ನಿದ್ದಿ ಬಂದಿತ್ರಿ.”

ಆಗ ಮೂಲೆಯಿಂದ ಫಾತಿಮಾಬಿ ಎದ್ದರು. ಅವರು ತಾವಾಗಿ ಮಾತಾಡಲು ಎದ್ದದ್ದನ್ನು ಊರು ಕಂಡದ್ದು ಅದೇ ಮೊದಲು.

“ನಲವತ್ತೇಳು ಆಗಿದ್ರ ನನ್ನ ಜ್ವಾಳ ಸಾಯ್ತಿದ್ವು. ನೂರಕ್ಕ ತೊಂಬತ್ತಾರು ಮೊಳತಾವ.” ವಹಿ ತೆರೆದು ಕಾಗದದ ಮೇಲಿಟ್ಟರು. “ನಾಕು ಗಂಟೇಕ ಹೊರಗ ಮೂವತ್ತೊಂಬತ್ತು. ಒಳಗ ಮೂವತ್ತೊಂದು. ಏಳೂ ದಿನಾ.”

ಇಂಜಿನಿಯರರು ವಹಿಯನ್ನು ನೋಡಿದರು, ಕಾಗದವನ್ನು ನೋಡಿದರು, ಕನ್ನಡಕ ಒರೆಸಿ ಇನ್ನೊಮ್ಮೆ ವಹಿ ನೋಡಿದರು. ಕಂಪ್ಯೂಟರು ಕೊಟ್ಟದ್ದನ್ನೇ ತಿಂದು ಲೆಕ್ಕ ಹೇಳುತ್ತದೆ, ಕೊಟ್ಟದ್ದರಲ್ಲಿ ಏನೋ ತಪ್ಪಿರಬೇಕು ಎಂದರು. ನಲವತ್ತಮೂರು ಮಂದಿ ಎನ್ನುವುದು ಸುಳ್ಳೇ ಎಂದು ಕೇಳಿದರು. ನಲವತ್ತಮೂರು ಕೈಗಳು ಮೇಲೆದ್ದವು. ಹಾಗಾದರೆ ಗೋಡೆಯೇ ಎಂದರು.

ಗೂಳಪ್ಪ ಸಾಹುಕಾರರ ಮುಖ ನೋಡಿದ. ಸಾಹುಕಾರರು ಜಂತಿ ಎಣಿಸುತ್ತಿದ್ದರು. ಅವರ ಮನೆಯ ಅನ್ನ ಉಂಡು ಬೆಳೆದವನು ಅವರ ಮಾತನ್ನು ಮಂದಿಯಲ್ಲಿ ಸುಳ್ಳು ಮಾಡುವುದು ಹೇಗೆ? ಮಾಡದಿದ್ದರೆ ಒಂಬತ್ತು ವರ್ಷ ಜೂನ್ ಒಂದಕ್ಕೆ ಮುಗಿಯುತ್ತದೆ. ಅವನು ಎದ್ದು ನನ್ನ ಹತ್ತಿರ ಬಂದ.

“ಕಾಕಾ, ನಿಮ್ಮ ಹಾರಿ ಕೊಡ್ರಿ.”

ನನ್ನ ಹಾರೆ ಮೂರು ಮೊಳ ಉದ್ದದ್ದು, ಗದಗಿನಿಂದ ತಂದದ್ದು. ಅದನ್ನು ತಂದು ಕೊಟ್ಟೆ. ಗೂಳಪ್ಪ ಇಂಜಿನಿಯರರನ್ನು ಕೈಮುಗಿದು ಹೊರಗೆ ಕಳಿಸಿ, ಗೋಡೆಯ ಆ ಬದಿಗೆ ಅಂಗೈ ಇಟ್ಟು ನಿಲ್ಲಿರಿ, ತುದಿ ಬಂದರೆ ಹೇಳಿರಿ ಎಂದ. ತಾನು ಒಳಗಿನಿಂದ ಹಾರೆ ಇಟ್ಟು ಸುತ್ತಿಗೆಯಿಂದ ಹೊಡೆದ. ಗಿಲಾವು ಉದುರಿತು, ಕೆಂಪು ಮಣ್ಣು ಕಂಡಿತು.

ಸಾಹುಕಾರರು ಸಿಡಿದೆದ್ದರು. ನನ್ನ ಗೋಡೆ, ನನ್ನ ವಾಡೆ, ಕೈ ಮುರಿಯುತ್ತೇನೆ ಎಂದು ಎಷ್ಟೋ ಅಂದರು. ಗೂಳಪ್ಪ ಹೊಡೆಯುತ್ತಲೇ ಇದ್ದ.

“ಬಂತೇನ್ರಿ?” ಎಂದು ಕೂಗುತ್ತಿದ್ದ.

“ಇನ್ನೂ ಇಲ್ರಿ,” ಎಂದು ಹೊರಗಿನಿಂದ ದನಿ ಬರುತ್ತಿತ್ತು.

ಅರ್ಧ ಮೊಳ ಹೋಯಿತು. ಒಂದು ಮೊಳ ಹೋಯಿತು. ಮಂದಿ ಕಾಗದವನ್ನು ಬಿಟ್ಟು ಗೋಡೆಯ ಸುತ್ತ ಸೇರಿದರು. ಒಂದೂವರೆ ಮೊಳಕ್ಕೆ ಸಾಹುಕಾರರ ಬೈಗುಳ ನಿಂತಿತು. ಯಾರೋ, ಏನು ಗೋಡೆಯಪ್ಪ ಇದು ಎಂದದ್ದು ಅವರ ಕಿವಿಗೆ ಬಿದ್ದಿರಬೇಕು. ಇನ್ನೂ ಇಲ್ರಿ ಎಂದು ಹೊರಗಿನಿಂದ ಕೇಳಿದಾಗ ಅವರ ಮುಖದಲ್ಲಿ ಏನೋ ಅರಳತೊಡಗಿತು. ಎರಡು ಮೊಳಕ್ಕೆ ಅವರು ಮುಂದೆ ಬಂದು ಗೂಳಪ್ಪನ ಕೈಯಿಂದ ಸುತ್ತಿಗೆ ಕಸಿದುಕೊಂಡರು.

“ನಮ್ಮ ಮುತ್ಯಾನ ಅಪ್ಪ ಕಟ್ಟಿಸಿದ್ದು. ಒಂದೊಂದು ಪದರ ಮಣ್ಣು ಎಂಟೆಂಟು ದಿನಾ ತುಳಿಸ್ಯಾನ. ಸರಿ ಅತ್ಲಾಗ, ನಾ ಹೊಡೀತೀನಿ. ಬಂತೇನ್ರಿ ಸಾಹೇಬ್ರ?”

“ಇಲ್ಲೇ ಇಲ್ರಿ.”

“ಬರೂದಿಲ್ಲ. ನಾಳೆ ಮುಂಜಾನಿತನಾ ನಿಂತ್ರೂ ಬರೂದಿಲ್ಲ. ಲೇ ಗೂಳಪ್ಪಾ, ಇದು ಮಣ್ಣು ಅಂತ ಬರಿ. ದಪ್ಪ ಅಕ್ಷರಲೇ ಬರಿ.”

ಕೈಯ ಬದಿಗೆ ಒಂದು ಗೇಣು ಉಳಿದಾಗ ಹಾರೆ ಗೋಡೆಯೊಳಗಿನ ಯಾವುದೋ ಕಲ್ಲಿಗೆ ಸಿಕ್ಕು ನಿಂತಿತು. ಹೊರಗೆ ಇಂಜಿನಿಯರರ ಅಂಗೈಗೆ ಧೂಳೂ ತಾಗಿರಲಿಲ್ಲ. ಅವರು ಒಳಗೆ ಓಡಿ ಬಂದು, ಮೊದಲ ಸಲ ಟೇಪು ಬಿಚ್ಚಿ, ಬಾಗಿಲಲ್ಲಿ ಗೋಡೆ ಅಳೆದು, ಮಾಳಿಗೆ ಹತ್ತಿ ಮೇಲ್ಮುದ್ದೆಯ ಮಣ್ಣಿನ ದಪ್ಪ ಅಳೆದು, ಕೆಳಗಿಳಿದು ಗೂಳಪ್ಪನನ್ನು ತಬ್ಬಿಕೊಂಡರು. ಬಿಸಿಲು ಈ ಗೋಡೆಯೊಳಗೆ ಹೊಕ್ಕು ಆ ಬದಿ ಮುಟ್ಟುವುದರೊಳಗೆ ಸೂರ್ಯ ಮುಳುಗಿರುತ್ತಾನೆ ಎಂದರು. ನಲವತ್ತಮೂರು ಮಂದಿ ಖಾರ ಕುಟ್ಟಿ, ಜೋಳ ಬೀಸಿ, ಏಳು ದಿನ ಒಳಗಿದ್ದು ಕಾಯಿಸಿದರೂ ಕಾಯದ ಕಟ್ಟಡವನ್ನು ತಾವು ಯಾವ ಪುಸ್ತಕದಲ್ಲೂ ನೋಡಿಲ್ಲ, ಇಂಥ ಪರೀಕ್ಷೆ ಮಾಡಲು ತಮ್ಮ ಕಾಲೇಜಿನಲ್ಲಿ ಯಾರಿಗೂ ತಲೆ ಓಡುತ್ತಿರಲಿಲ್ಲ ಎಂದರು. ನಮ್ಮ ಊರಿನವರು ವಿನಯದಿಂದ ತಲೆ ತಗ್ಗಿಸಿದರು. ಅಂದು ಅವರು ಊಟಕ್ಕೂ ನಿಂತರು, ಎರಡು ಗಂಟೆಯ ಬಸ್ಸನ್ನೂ ಬಿಟ್ಟರು.

ಹುಬ್ಬಳ್ಳಿಯಲ್ಲಿ ಅವರು ಕಂಪ್ಯೂಟರಿನ ಒಳಗಿನ ನಮ್ಮ ಲ್ಯಾಬನ್ನು ಕೆಡವಿ ಮೂರು ಮೊಳದ ಮಣ್ಣಿನಿಂದ ಮತ್ತೆ ಕಟ್ಟಿದರಂತೆ. ಎರಡೂವರೆ ಮಂದಿಯನ್ನು ಕೂಡಿಸಿ ಒಂದು ಸಲ, ನಲವತ್ತಮೂರು ಮಂದಿಯನ್ನು ಕೂಡಿಸಿ ಒಂದು ಸಲ ವರ್ಷದ ಬಿಸಿಲು ಹೊಡೆಸಿದರಂತೆ. ಎರಡು ಸಲವೂ ಫಾತಿಮಾಬಿಯವರ ವಹಿಯದೇ ಮಾತು. ತಂಪಿನ ಕೋಣೆ ನಮಗೆ ಬಂತು. ಕುಂದಗೋಳದ ಬೀಗರು ನೋಡಲು ಬಂದಾಗ ಸಾಹುಕಾರರು ಅವರನ್ನು ಗೋಡೆಯ ಮುಂದೆ ನಿಲ್ಲಿಸಿ, ಹಾರೆ ಹಿಡಿದು ಎಳೆಯಿರಿ ಎಂದರು. ಬೀಗರು ಎಳೆದರು. ಅಲುಗಲಿಲ್ಲ. ಆ ಹಾರೆಯನ್ನು ಯಾರೂ ಕೀಳಕೂಡದು ಎಂದು ಸಾಹುಕಾರರ ಅಪ್ಪಣೆಯಾಯಿತು.

ಸೆಪ್ಟೆಂಬರಿನಲ್ಲಿ ಗೂಳಪ್ಪನ ಕಾಯಂ ಹುಕುಮು ಬಂತು. ಮೈಲಾರವ್ವ ಊರಿಗೆಲ್ಲ ಸಕ್ಕರೆ ಹಂಚಿದಳು, ಆ ದಿನದಿಂದ ಗಂಡನನ್ನು ಬರೇ ಹೆಸರಿನಿಂದ ಕರೆಯತೊಡಗಿದಳು, ಖರೇ ಸರಕಾರಿಯೇ ಆದ ಮೇಲೆ ಅದನ್ನು ಹೇಳಿ ತೋರಿಸುವುದೇನಿದೆ ಎಂದು. ಅದೇ ತಿಂಗಳು ಧಾರವಾಡದಿಂದ ಸಾಮಾನಿನ ತನಿಖೆಗೆ ಒಬ್ಬ ಗುಮಾಸ್ತರು ಬಂದರು. ಮೇಜು, ಸ್ಟೂಲು, ಒಣಗಿಸುವ ಪೆಟ್ಟಿಗೆ ಎಲ್ಲ ಬರೆದುಕೊಂಡು ಗೋಡೆಯ ಹತ್ತಿರ ಬಂದು ನಿಂತರು. ಎಳೆದು ನೋಡಿದರು. ಆಮೇಲೆ ವಹಿಯಲ್ಲಿ ‘ಹಾರೆ ಒಂದು, ಗೋಡೆಗೆ ಕೂಡಿಸಿದ್ದು, ಕಾಯಂ’ ಎಂದು ಬರೆದು ಮುದ್ರೆ ಒತ್ತಿದರು. ಗೂಳಪ್ಪನಿಗೆ ಒಂಬತ್ತು ವರ್ಷ ಹಿಡಿದದ್ದು ನನ್ನ ಹಾರೆಗೆ ಐದು ತಿಂಗಳಲ್ಲಿ ಆಯಿತು.

ನಾನು ಎರಡು ಸುಗ್ಗಿ ಕಾದೆ. ಮೂರನೆಯದರಲ್ಲಿ ಗಿರಣಿಯ ಕಲ್ಲು ಎತ್ತಲು ಹಾರೆ ಬೇಕೇ ಬೇಕಾಗಿ ಲ್ಯಾಬಿಗೆ ಹೋದೆ. ಗೂಳಪ್ಪ ಖಾಕಿ ಹಾಕಿಕೊಂಡು ಅದೇ ಸ್ಟೂಲಿನ ಮೇಲೆ ಕುಳಿತಿದ್ದ. ಹಾರೆ ನನ್ನದು ಎಂದು ಅವನಿಗೆ ನೆನಪು ಮಾಡಿಕೊಟ್ಟೆ. ಅವನು ಎದ್ದು ನಿಂತು, ಕುರ್ಚಿ ಕೊಟ್ಟು, ನೀರು ತಂದುಕೊಟ್ಟು, ಬಹಳ ಮರ್ಯಾದೆಯಿಂದ ಹೇಳಿದ:

“ನಿಮ್ದ ಹೌದು ಕಾಕಾ. ಆದ್ರ ಈಗ ಅದು ಸರಕಾರದ್ದೂ ಆಗೇತಿ. ಒಂದು ಅರ್ಜಿ ಕೊಡ್ರಿ.”

ಮನೆಗೆ ಹೋಗಿ ಅರ್ಧ ದಿನ ಕುಳಿತು ಅರ್ಜಿ ಬರೆದು ತಂದು ಕೊಟ್ಟೆ. ಅವನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ, ತಾರೀಖು ಹಾಕಿದ, ಮುದ್ರೆ ಒತ್ತಿದ, ಮೂಲೆಗೆ ಒಂದು ತೂತು ಮಾಡಿ ದಾರ ಪೋಣಿಸಿದ, ಹೋಗಿ ಗೋಡೆಯಲ್ಲಿನ ಹಾರೆಗೆ ಕಟ್ಟಿ ತೂಗುಬಿಟ್ಟ.